ಅಟ್ಟ ಕಟ್ಟುವ ವಿದ್ಯೆ

ಈಚೆಗೆ ಜಾತ್ರಾ ಮಹೋತ್ಸವವೊಂದರ ನಿಮಿತ್ತ ಮೂರು ರಾತ್ರಿ ಮೂರು ಶರಣ ನಾಟಕಗಳನ್ನು ನೋಡುವ ಸುಯೋಗ ನಮಗೆ ಒದಗಿತ್ತು. ಮೂರರ ವಸ್ತುವೂ ಹನ್ನೆರಡನೆಯ ಶತಮಾನದ ಕಲ್ಯಾಣವೇ. ನಟರಲ್ಲಿ ಬಹುಮಂದಿ ಮಠಗಳ ಪ್ರಸಾದನಿಲಯಗಳಲ್ಲಿದ್ದು ಓದಿದವರು. ವಚನಗಳನ್ನು ಪುಸ್ತಕದಿಂದ ಉರುಹಚ್ಚಿದವರಲ್ಲ, ನಿತ್ಯದ ಪ್ರಾರ್ಥನೆಯಲ್ಲಿ ಬಾಯಲ್ಲಿ ಆಡಿಸಿದವರು. ಆದುದರಿಂದ ಉಚ್ಚಾರ ಶುದ್ಧವಾಗಿತ್ತು, ಗಾಯನ ಇಂಪಾಗಿತ್ತು, ಭಾವದಲ್ಲಿ ಕೃತ್ರಿಮತೆ ಇರಲಿಲ್ಲ. ಸಂಭಾಷಣೆಯ ವಿಷಯದಲ್ಲಿಯಾಗಲಿ ಅಭಿನಯದ ವಿಷಯದಲ್ಲಿಯಾಗಲಿ ನಾವು ಹೇಳಬೇಕಾದ ದೊಡ್ಡ ಕೊರತೆ ಏನೂ ಇಲ್ಲ. ಆದರೂ ಮೂರನೆಯ ರಾತ್ರಿ ಬಿಡಾರಕ್ಕೆ ಮರಳುವಾಗ ಮನಸ್ಸಿನಲ್ಲಿ ಒಂದು ಅತೃಪ್ತಿ ಉಳಿದುಕೊಂಡಿತ್ತು. ಅದರ ಕಾರಣವನ್ನು ವಿಚಾರಿಸಿ ನೋಡಿದಾಗ ದೋಷವಿದ್ದುದು ನಟರಲ್ಲಿ ಅಲ್ಲ, ನಟರ ಹಿಂದೆ ಮತ್ತು ನಟರ ಕಾಲಕೆಳಗೆ ಎಂದು ತೋರಿತು.

ಬಿಜ್ಜಳನ ಒಡ್ಡೋಲಗಕ್ಕೆ ಇಳಿಬಿಟ್ಟ ಪರದೆಯನ್ನೇ ಅನುಭವಮಂಟಪಕ್ಕೂ ಇಳಿಬಿಟ್ಟಿದ್ದರು. ಅದರ ಮೇಲೆ ಸಾಲುಸಾಲು ಕಂಬಗಳು, ಕಂಬಗಳ ನಡುವೆ ಅಲೆಯಲೆಯಾದ ಕಮಾನುಗಳು, ದೂರದಲ್ಲಿ ಒಂದು ಗುಮ್ಮಟ. ಕಲ್ಯಾಣದ ಚಾಲುಕ್ಯರ ಕಾಲದ ಕಟ್ಟಡ ಹೇಗಿತ್ತೆಂದು ತಿಳಿಯಲು ಬಹುದೂರ ಹೋಗಬೇಕಾಗಿಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ಇಂದಿಗೂ ನಿಂತಿದೆ, ತಿರುಗಣಿಗೆ ಹಿಡಿದು ಕಡೆದಂತಿರುವ ಅದರ ಕಂಬಗಳು ಕಣ್ಣಮುಂದಿವೆ. ಅಲೆಗಮಾನಿಗೂ ಗುಮ್ಮಟಕ್ಕೂ ಆ ಕಾಲದ ಕಲ್ಯಾಣಕ್ಕೂ ಸಂಬಂಧವಿಲ್ಲ. ಇದು ಹೋಗಲಿ, ಇತಿಹಾಸದ ತಪ್ಪನ್ನು ಸಾಮಾನ್ಯ ಪ್ರೇಕ್ಷಕ ಕ್ಷಮಿಸಿಯಾನು. ಆದರೆ ಅಕ್ಕಮಹಾದೇವಿಯ ಪಾತ್ರಧಾರಿಣಿ ಹಿಂದಕ್ಕೆ ಸರಿದು ಆ ಬರೆದ ಕಂಬದ ಪಕ್ಕದಲ್ಲಿ ನಿಂತಾಗ ಕಂಬ ಆಕೆಯ ಭುಜದೆತ್ತರಕ್ಕೆ ಬಂದಿತು! ಎರಡನೆಯ ರಾತ್ರಿ, ರಾಜನು ಸಂತಾಪದಿಂದ ಕಂಬಕ್ಕೆ ಒರಗಿದೊಡನೆ ಕಂಬ ತೂಗಾಡಿತು. ಸಾವಿರ ಜನ ಗೊಳ್ಳೆಂದು ನಕ್ಕರು. ಕಥೆಯ ಅತ್ಯಂತ ಗಂಭೀರವಾದ ಸನ್ನಿವೇಶ ಅದು. ಮೂರನೆಯ ರಾತ್ರಿ ಶೂನ್ಯಸಿಂಹಾಸನವನ್ನು ಎಡಮೂಲೆಯಲ್ಲಿ ಎತ್ತರಕ್ಕೆ ಇಟ್ಟಿದ್ದರು. ಬಯಲಿನ ಎಡಭಾಗದಲ್ಲಿ ಕುಳಿತ ತಾಯಂದಿರಿಗೆ ಪಕ್ಕದ ಪರದೆ ಅಡ್ಡವಾಗಿ ಅಲ್ಲಮಪ್ರಭು ಕೊನೆಯವರೆಗೂ ಕಾಣಲೇ ಇಲ್ಲ. ಧ್ವನಿ ಮಾತ್ರ ಕೇಳಿಸಿತು.

ಮರುದಿನ ಬೆಳಿಗ್ಗೆ ದರ್ಶನಕ್ಕೆ ಬಂದ ನಾಟಕದ ಕಾರ್ಯದರ್ಶಿಯವರನ್ನು ಈ ಬಗ್ಗೆ ಕೇಳಿದೆವು. ‘ಅಪ್ಪಾರ, ಅದು ಬಾಡಿಗಿ ಸೀನರಿ. ಅವ್ರು ಏನು ತಂದ್ರೋ ಅದನ್ನ ಕಟ್ಟಿದ್ವಿ’ ಎಂದರು. ಆ ಮಾತಿನಲ್ಲಿ ಸಂಕೋಚವೇನೂ ಇರಲಿಲ್ಲ. ಆರು ತಿಂಗಳು ಮಾತು ಕಲಿತವರು, ಮೂರು ತಿಂಗಳು ಹಾಡು ಕಲಿತವರು, ತಾವು ನಿಂತು ಆಡುವ ಸ್ಥಳವನ್ನು ಕಟ್ಟುವುದನ್ನು ಒಂದು ದಿನವೂ ಕಲಿಯಬೇಕಾಗಿಲ್ಲವೆಂದು ಅವರು ಸಹಜವಾಗಿ ನಂಬಿದ್ದರು. ನಮ್ಮ ವಿಮರ್ಶೆ ಈ ನಂಬಿಕೆಯನ್ನು ಕುರಿತದ್ದು. ಆ ಮೂರು ನಾಟಕಗಳು ನಿಮಿತ್ತ ಮಾತ್ರ.

ಬಾಡಿಗೆಯ ಪರದೆಗೂ ಒಂದು ವಂಶವಿದೆ, ಅದು ಹೀನವಂಶವೂ ಅಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಪರದೆ ಬರೆಯುವುದೂ ಅದನ್ನು ಏರಿಸಿ ಇಳಿಸುವುದೂ ದೊಡ್ಡ ವಿದ್ಯೆಗಳೇ ಆಗಿದ್ದವು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ನೇತೃತ್ವದಲ್ಲಿ ‘ಕುರುಕ್ಷೇತ್ರ’ವನ್ನು ಆಡಿದಾಗ ರಂಗದ ಮೇಲೆ ಆನೆ ಕುದುರೆಗಳೇ ಬರುತ್ತಿದ್ದುದನ್ನು ಹಿರಿಯರು ಇಂದಿಗೂ ಕಥೆಯಂತೆ ಹೇಳುತ್ತಾರೆ. ಆನೆಯನ್ನು ಹೊರುವ ರಂಗವನ್ನು ಕಟ್ಟಿದವನ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಆ ಕಂಪನಿಗಳ ಕ್ರಮದಲ್ಲಿ ಒಂದು ಜಾಣತನವಿತ್ತು. ಮುಂದುಗಡೆ ರಸ್ತೆಯ ಪರದೆ ಇಳಿಬಿಟ್ಟು ಹಾಸ್ಯದ ದೃಶ್ಯವನ್ನು ನಡೆಸುತ್ತಿರುವಾಗಲೇ ಅದರ ಹಿಂದೆ ದರ್ಬಾರು ಸದ್ದಿಲ್ಲದೆ ಸಿದ್ಧವಾಗುತ್ತಿತ್ತು. ಪ್ರೇಕ್ಷಕ ನಗುತ್ತಿದ್ದಾಗ ಹಿಂದುಗಡೆ ಹತ್ತಾರು ಜನ ಬೆವರುತ್ತಿದ್ದರು. ಚಿತ್ರಕಾರರು, ಬಡಿಗರು, ಹಗ್ಗ ಎಳೆಯುವವರು ಕಂಪನಿಯ ಕುಟುಂಬದಲ್ಲಿಯೇ ಇದ್ದರು. ಯಾವ ನಾಟಕಕ್ಕೆ ಯಾವ ಪರದೆ ಎಂಬುದನ್ನು ಆಡುವವರೂ ಕಟ್ಟುವವರೂ ಕೂಡಿ ನಿಶ್ಚಯಿಸುತ್ತಿದ್ದರು. ಕಂಪನಿಗಳು ಕ್ಷೀಣಿಸಿದ ಮೇಲೆ ಅವುಗಳ ವಿದ್ಯೆ ಚದುರಿಹೋಗಿ ಸಾಮಾನು ಮಾತ್ರ ಉಳಿಯಿತು. ಇಂದಿನ ಬಾಡಿಗೆಯ ಸೀನರಿ ಆ ಉಳಿಕೆ. ಹರಿಶ್ಚಂದ್ರನಿಗೂ ಅದೇ ಅರಮನೆ, ಬಿಜ್ಜಳನಿಗೂ ಅದೇ ಅರಮನೆ.

ಇದಕ್ಕಿಂತ ಆಳವಾದ ಒಂದು ತೊಡಕು ಆ ಪರದೆಯ ಚಿತ್ರಣಕ್ರಮದಲ್ಲಿಯೇ ಇದೆ. ದೂರಕ್ಕೆ ಹೋದಂತೆಲ್ಲ ಕಿರಿದಾಗುತ್ತ ಹೋಗುವ ಕಂಬಗಳನ್ನು ಬಟ್ಟೆಯ ಮೇಲೆ ಬರೆದು ಆಳದ ಭ್ರಮೆ ಹುಟ್ಟಿಸುವ ಈ ವಿಧಾನ ಮೊದಲು ಬೆಳೆದುದು ಇಟಲಿಯ ರಾಜಾಸ್ಥಾನಗಳಲ್ಲಿ. ಸೆಬಾಸ್ಟಿಯಾನೊ ಸೆರ್ಲಿಯೋ ಎಂಬ ವಾಸ್ತುಶಿಲ್ಪಿ 1545ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಣೆಯಿದೆ. ಅಲ್ಲಿಂದ ಯುರೋಪಿನ ರಂಗಭೂಮಿಗೆಲ್ಲ ಹರಡಿ, ಪಾರ್ಸಿ ನಾಟಕ ಮಂಡಳಿಗಳ ಮೂಲಕ ನಮ್ಮಲ್ಲಿಗೆ ಬಂದಿತು. ಈ ಬಗೆಯ ಚಿತ್ರ ಸರಿಯಾಗಿ ಕಾಣುವುದು ಒಂದೇ ಒಂದು ಸ್ಥಳದಿಂದ. ಆ ಆಸ್ಥಾನಗಳಲ್ಲಿ ಆ ಸ್ಥಳ ಪ್ರಭುವಿನ ಆಸನವೇ. ಅವನ ಕಣ್ಣಿಗೆ ಹೊಂದಿಕೊಂಡು ಗೆರೆಗಳನ್ನು ಎಳೆಯುತ್ತಿದ್ದರು. ಅವನ ಎಡಬಲಕ್ಕೆ ಸರಿದಷ್ಟೂ ಚಿತ್ರ ಸೊಟ್ಟಗಾಗುತ್ತ ಹೋಗುತ್ತದೆ. ಮೇಲುಕೀಳಿಲ್ಲದೆ ಎಲ್ಲರೂ ಸಮನಾಗಿ ಕುಳಿತ ಅನುಭವಮಂಟಪವನ್ನು ರಾಜನೊಬ್ಬನ ಕಣ್ಣಿಗೆ ಮಾತ್ರ ನೆಟ್ಟಗೆ ಕಾಣುವ ಚಿತ್ರದಲ್ಲಿ ತೋರಿಸುವುದು ಎಂತಹ ವಿಪರ್ಯಾಸ! ನಮ್ಮ ನಾಟಕದ ಹುಡುಗರಿಗೆ ಇದು ತಿಳಿದಿರಲಿಲ್ಲ. ತಿಳಿಸಿದವರು ಯಾರೂ ಇರಲಿಲ್ಲ.

ಯುರೋಪಿನವರೇ ಇದನ್ನು ಟೀಕಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಅಡಾಲ್ಫ್ ಆಪಿಯಾ ಎಂಬಾತ, ನಟನ ದೇಹಕ್ಕೆ ಉದ್ದ ಅಗಲ ಆಳಗಳೆಂಬ ಮೂರೂ ಇರುವಾಗ ಅವನ ಹಿಂದೆ ಚಪ್ಪಟೆ ಚಿತ್ರ ತೂಗುಬಿಟ್ಟರೆ ಎರಡೂ ಒಂದನ್ನೊಂದು ಸುಳ್ಳುಮಾಡುತ್ತವೆ ಎಂದು ವಾದಿಸಿದ. ಚಿತ್ರದ ಬದಲಾಗಿ ಮೆಟ್ಟಿಲು, ಜಗಲಿ, ಇಳಿಜಾರುಗಳನ್ನು ಕಟ್ಟಿ ಅವುಗಳ ಮೇಲೆ ಬೆಳಕನ್ನು ಹಾಯಿಸಬೇಕೆಂಬುದು ಅವನ ಮತ. ಭುಜದೆತ್ತರದ ಕಂಬದ ಪಕ್ಕದಲ್ಲಿ ನಿಂತ ನಮ್ಮ ಅಕ್ಕಮಹಾದೇವಿಯನ್ನು ನೋಡಿದಾಗ ಅವನ ವಾದ ನಮಗೆ ಪೂರ್ತಿ ಮನದಟ್ಟಾಯಿತು.

ನಮ್ಮ ಪರಂಪರೆಯಲ್ಲಿ ಇದಕ್ಕೆ ಏನು ಹೇಳಿದ್ದಾರೆಂದು ಕೇಳುವವರಿಗೆ ಭರತಮುನಿಯ ನಾಟ್ಯಶಾಸ್ತ್ರವನ್ನು ತೆರೆದು ತೋರಿಸಬಹುದು. ಶ್ರೀರಂಗರ ಕನ್ನಡ ಅನುವಾದ ಇರುವುದರಿಂದ ಸಂಸ್ಕೃತ ಬಾರದವರೂ ಓದಬಹುದಾದ ಗ್ರಂಥ ಅದು. ರಸವಿಚಾರ ಬರುವುದು ಆರನೆಯ ಅಧ್ಯಾಯದಲ್ಲಿ. ನಾಟ್ಯಮಂಟಪ ಕಟ್ಟುವ ವಿಚಾರ ಬರುವುದು ಎರಡನೆಯದರಲ್ಲಿ. ಈ ಅನುಕ್ರಮವನ್ನು ನಮ್ಮ ಕಾವ್ಯಮೀಮಾಂಸಕರು ಅಷ್ಟಾಗಿ ಲಕ್ಷಿಸಿಲ್ಲ. ವಿಶ್ವವಿದ್ಯಾಲಯದಲ್ಲಿ ನಾವು ಓದಿದಾಗಲೂ ಎರಡನೆಯ ಅಧ್ಯಾಯವನ್ನು ಹಾರಿಸಿ ಆರನೆಯದಕ್ಕೆ ಹೋದದ್ದು ನೆನಪಿದೆ. ಭರತನು ಮನುಷ್ಯರಿಗೆ ಯೋಗ್ಯವೆಂದು ಹೇಳುವ ಮಂಟಪ 64 ಹಸ್ತ ಉದ್ದ, 32 ಹಸ್ತ ಅಗಲದ್ದು. ಇದಕ್ಕಿಂತ ದೊಡ್ಡದು ಏಕೆ ಬೇಡ? ಮಾತು ಅಸ್ಪಷ್ಟವಾಗುತ್ತದೆ, ಮುಖದ ಮೇಲಿನ ಭಾವ ಕಾಣದೆ ಹೋಗುತ್ತದೆ. ಅಳತೆ ಹುಟ್ಟಿದುದು ವೈಭವದ ಆಸೆಯಿಂದಲ್ಲ, ಕಿವಿ ಕಣ್ಣುಗಳ ಶಕ್ತಿಯಿಂದ. ರಂಗದ ನೆಲ ಆಮೆಯ ಬೆನ್ನಿನಂತೆ ಉಬ್ಬಿರಬಾರದು, ಮೀನಿನ ಬೆನ್ನಿನಂತೆಯೂ ಇರಬಾರದು, ಕನ್ನಡಿಯಂತೆ ಸಮತಟ್ಟಾಗಿರಬೇಕು ಎನ್ನುತ್ತಾನೆ. ಭೂಮಿಯನ್ನು ಅಳೆಯುವ ಬಿಳಿಯ ಹುರಿ ನಡುವೆ ಹರಿದರೆ ಒಡೆಯನಿಗೆ ಮರಣವೆಂದು ಎಚ್ಚರಿಸುತ್ತಾನೆ. ಇದನ್ನು ಮೂಢನಂಬಿಕೆಯೆಂದು ನಗುವವರಿದ್ದಾರೆ. ಹರಿಯುವಂತಹ ಹುರಿಯಿಂದ ಅಳತೆ ಹಿಡಿದರೆ ಗೋಡೆ ಎಲ್ಲಿಗೆ ಬಂದೀತೆಂದು ಬಲ್ಲ ಗಾರೆಯವನು ನಗಲಾರ.

ಆಹಾರ್ಯಾಭಿನಯವನ್ನು ಹೇಳುವ ಅಧ್ಯಾಯದಲ್ಲಿ ಇನ್ನೂ ಸ್ವಾರಸ್ಯವಾದ ವಿಷಯವಿದೆ. ಬೆಟ್ಟ, ವಿಮಾನ, ರಥ ಮುಂತಾದುವನ್ನು ರಂಗಕ್ಕಾಗಿ ರಚಿಸುವುದಕ್ಕೆ ಪುಸ್ತವೆಂದು ಹೆಸರು. ಚಾಪೆ ಬಟ್ಟೆ ತೊಗಲುಗಳನ್ನು ಜೋಡಿಸಿ ಮಾಡಿದ್ದು ಒಂದು ಬಗೆ, ಯಂತ್ರದಿಂದ ಚಲಿಸುವುದು ಇನ್ನೊಂದು, ಸುತ್ತಿ ಮಾಡಿದ್ದು ಮತ್ತೊಂದು. ಈ ವಸ್ತುಗಳನ್ನು ಲೋಹದಿಂದಲೂ ಭಾರವಾದ ಗಟ್ಟಿ ಪದಾರ್ಥಗಳಿಂದಲೂ ಮಾಡಬಾರದು, ಭಾರದಿಂದ ನಟ ಬಳಲುತ್ತಾನೆ ಎಂಬ ಸೂಚನೆ ಅಲ್ಲಿದೆ. ಬಿದಿರು, ಬಟ್ಟೆ, ಅರಗು, ತೊಗಲುಗಳೇ ಸಾಕು. ಹೊರಗಿನಿಂದ ಘನವಾಗಿ ಕಂಡು ಒಳಗೆ ಹಗುರಾಗಿರಬೇಕೆಂಬ ಈ ಸೂತ್ರ ಇಂದಿನ ರಂಗಶಾಲೆಗಳಲ್ಲಿಯೂ ಮೊದಲ ಪಾಠವೇ.

ಇಷ್ಟು ಶಾಸ್ತ್ರ ಹೇಳಿದ ಮೇಲೆ ನಮ್ಮ ಸ್ವಂತ ಅನುಭವವೊಂದನ್ನು ಹೇಳದೆ ಮುಂದಕ್ಕೆ ಹೋದರೆ ಅದು ಪ್ರಾಮಾಣಿಕತೆಯಾಗಲಾರದು. ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ನಾವಿನ್ನೂ ವಟುಗಳಾಗಿ ಒಂದು ಮಠದಲ್ಲಿ ಸಂಸ್ಕೃತಾಧ್ಯಯನ ಮಾಡುತ್ತ ಜೊತೆಗೆ ಕಾಲೇಜಿಗೂ ಹೋಗುತ್ತಿದ್ದ ದಿನಗಳು. ಬಸವ ಜಯಂತಿಗೆ ಪ್ರಸಾದನಿಲಯದ ಹುಡುಗರು ನಾಟಕ ಆಡಬೇಕೆಂದು ನಿಶ್ಚಯವಾಯಿತು. ರಂಗದ ಉಸ್ತುವಾರಿ ನಮ್ಮ ಪಾಲಿಗೆ ಬಂದಿತು. ಮಠದ ಭಕ್ತರಾದ ಒಬ್ಬ ಬಡಿಗೇರ ಅಜ್ಜ ದಕ್ಷಿಣೆ ಬೇಡವೆಂದು ಹೇಳಿ ಅಟ್ಟ ಕಟ್ಟಲು ಬಂದರು. ಶೂನ್ಯಸಿಂಹಾಸನಕ್ಕೆಂದು ಐದು ಅಡಿ ಎತ್ತರದ ಒಂದು ಮೇಲಟ್ಟ ಬೇಕಾಗಿತ್ತು. ಅಜ್ಜ ನಾಲ್ಕು ಕಾಲುಗಳನ್ನು ನಿಲ್ಲಿಸಿ, ಕಾಲಿನಿಂದ ಕಾಲಿಗೆ ಓರೆಯಾಗಿ ರೀಪುಗಳನ್ನು ಹೊಡೆಯಲು ಹೊರಟರು. ಎದುರಿನಿಂದ ನೋಡಿದ ನಮಗೆ ಆ ಓರೆಕಟ್ಟಿಗೆಗಳು ವಿಕಾರವಾಗಿ ಕಂಡವು. ತೆಗೆಸಿರೆಂದು ಹೇಳಿದೆವು. ‘ಅಪ್ಪಾರ, ಓರೆಕಟ್ಟಿಗಿ ಇಲ್ಲದ ಅಟ್ಟ ನಿಂತಂಗ ಕಾಣತೈತಿ, ನಿಂತಿರೂದಿಲ್ಲ’ ಎಂದರು ಅಜ್ಜ. ನಾವು ಆಗತಾನೇ ಅಲಂಕಾರಶಾಸ್ತ್ರದ ಔಚಿತ್ಯಪ್ರಕರಣ ಓದಿದ್ದೆವು. ಔಚಿತ್ಯಭಂಗವೆಂದು ಅವರಿಗೆ ಉಪನ್ಯಾಸವನ್ನೇ ಮಾಡಿದೆವು. ಅಜ್ಜ ಮಾತಾಡದೆ ರೀಪುಗಳನ್ನು ಕಿತ್ತು ಕಟ್ಟು ಕಟ್ಟಿ ಬದಿಗಿಟ್ಟರು.

ನಾಟಕದ ರಾತ್ರಿ ಶರಣರೆಲ್ಲ ಒಮ್ಮೆಲೆ ಮೇಲಟ್ಟ ಹತ್ತಿ ಅಲ್ಲಮನ ಸುತ್ತ ನಿಂತು ಹಾಡುವ ದೃಶ್ಯ. ಹಾಡಿನ ಗತಿಗೆ ಮೈ ತೂಗಿದಂತೆ ಅಟ್ಟವೂ ತೂಗಿತು. ಮೂರನೆಯ ಚರಣಕ್ಕೆ ನಾಲ್ಕೂ ಕಾಲುಗಳು ಒಂದೇ ಕಡೆಗೆ, ಮಂಡಿ ಊರಿದ ಎತ್ತಿನಂತೆ, ಮಲಗಿಕೊಂಡವು. ಅಲ್ಲಮನ ಪಾತ್ರ ವಹಿಸಿದ್ದ ನಮ್ಮ ಸಹಪಾಠಿಯ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಅವರು ಇಂದು ಗೃಹಸ್ಥರಾಗಿ ಬೇರೆ ಊರಿನಲ್ಲಿದ್ದಾರೆ. ಪ್ರತಿವರ್ಷ ಬಂದು ಕೈಮುಗಿಯುವಾಗ ಎರಡು ಅಂಗೈಗಳು ಪೂರ್ತಿ ಕೂಡುವುದಿಲ್ಲ. ನಾವು ಅದನ್ನು ನೋಡುತ್ತೇವೆ. ಆ ರಾತ್ರಿ ಜನರೆಲ್ಲ ಬಡಿಗೇರ ಅಜ್ಜನನ್ನೇ ಬೈದರು. ನಾವು ಬಾಯಿ ಬಿಡಲಿಲ್ಲ. ಕಾಯಕದ ಘನತೆಯನ್ನು ಸಾರುವ ನಾಟಕವದು.

ಅಜ್ಜನ ಮಾತಿನ ಅರ್ಥ ನಮಗೆ ತಿಳಿದುದು ಬಹುಕಾಲದ ಮೇಲೆ, ರಂಗಶಿಕ್ಷಣ ಪಡೆದ ಯುವಕರು ಅಟ್ಟ ಕಟ್ಟುವುದನ್ನು ಹತ್ತಿರದಿಂದ ನೋಡಿದಾಗ. ನಾಲ್ಕು ಪಟ್ಟಿಗಳನ್ನು ನಾಲ್ಕು ಮೂಲೆಗಳಲ್ಲಿ ಒಂದೊಂದು ಮೊಳೆಯಿಂದ ಕೂಡಿಸಿ ಒಂದು ಬದಿಯಿಂದ ತಳ್ಳಿರಿ. ಚೌಕ ಓರೆಯಾಗಿ ಮಲಗಿಬಿಡುತ್ತದೆ. ಮೂರು ಪಟ್ಟಿಗಳನ್ನು ಹಾಗೆಯೇ ಕೂಡಿಸಿ ತಳ್ಳಿರಿ. ಪಟ್ಟಿ ಮುರಿಯದ ಹೊರತು ತ್ರಿಕೋನ ಅಲುಗದು. ಓರೆಕಟ್ಟಿಗೆಯ ಕೆಲಸ ಚೌಕವನ್ನು ಎರಡು ತ್ರಿಕೋನಗಳನ್ನಾಗಿ ಮಾಡುವುದು. ನೆಟ್ಟಗೆ ನಿಂತ ಕಾಲು ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ. ಆದರೆ ರಂಗದ ಮೇಲಿನ ಭಾರ ಸುಮ್ಮನೆ ಕೂರುವ ಜೋಳದ ಚೀಲವಲ್ಲ. ಅದು ನಡೆಯುತ್ತದೆ, ತಿರುಗುತ್ತದೆ, ಕುಣಿಯುತ್ತದೆ, ಪ್ರತಿ ಹೆಜ್ಜೆಗೂ ಅಡ್ಡಕ್ಕೆ ತಳ್ಳುತ್ತದೆ. ಆ ಅಡ್ಡತಳ್ಳನ್ನು ತಡೆಯಲು ಉದ್ದಕ್ಕೂ ಅಗಲಕ್ಕೂ ಎರಡೂ ದಿಕ್ಕಿನಲ್ಲಿ ಓರೆಗಳು ಬೇಕು. ಅಟ್ಟದ ಚೌಕಟ್ಟು ಕಾಲಿನ ತಲೆಯ ಮೇಲೆಯೇ ಕೂರಬೇಕು; ಕಾಲಿನ ಪಕ್ಕಕ್ಕೆ ಮೊಳೆ ಹೊಡೆದು ನೇತುಬಿಟ್ಟರೆ ಇಡೀ ಭಾರವನ್ನು ಹೊರುವುದು ಮೊಳೆ. ಮೊಳೆ ನಡುಕಕ್ಕೆ ಕ್ರಮೇಣ ಸಡಿಲಿ ಹೊರಬರುತ್ತದೆ. ಬೋಲ್ಟು ಹಾಕಿ ನಟ್ಟು ಬಿಗಿದರೆ ಬರುವುದಿಲ್ಲ, ಬಿಚ್ಚಿ ಮತ್ತೆ ಜೋಡಿಸಲೂ ಬರುತ್ತದೆ. ಜಾತ್ರೆಯ ಬಯಲಿನಲ್ಲಿ ಹಿಂದಿನ ದಿನ ಮಳೆ ಬಿದ್ದಿದ್ದರೆ ಪ್ರತಿ ಕಾಲಿನ ಕೆಳಗೂ ಅಗಲವಾದ ಹಲಗೆ ಇಡಬೇಕು. ಇಲ್ಲವಾದರೆ ಒಂದು ಕಾಲು ಹೂತು ಭರತಮುನಿ ಬೇಡವೆಂದ ಆಮೆಯ ಬೆನ್ನು ಸಿದ್ಧವಾಗುತ್ತದೆ. ಮೇಲಟ್ಟದ ಅಂಚಿಗೆ ಬಿಳಿಯ ಪಟ್ಟಿ ಬಳಿಯಬೇಕು. ದೀಪ ಆರಿದ ಕ್ಷಣದಲ್ಲಿ ಇಳಿಯುವ ನಟನಿಗೆ ಅದೊಂದೇ ಆಸರೆ. ಇವೆಲ್ಲ ಒಂದು ವಾರದಲ್ಲಿ ಕಲಿಯಬಹುದಾದ ಸಂಗತಿಗಳು. ಇವುಗಳಲ್ಲಿ ಒಂದನ್ನು ಕಲಿಯದಿದ್ದುದಕ್ಕೆ ನಮ್ಮ ಸಹಪಾಠಿ ಜೀವಮಾನವಿಡೀ ಬೆಲೆ ತೆರುತ್ತಿದ್ದಾರೆ.

ಓರೆಕಟ್ಟಿಗೆ ಕಾಣಬಾರದೆಂಬ ನಮ್ಮ ಆಕ್ಷೇಪಕ್ಕೂ ಉತ್ತರ ಸುಲಭವಾಗಿತ್ತು. ಮುಂದುಗಡೆ ಒಂದು ಬಟ್ಟೆ ಮುಚ್ಚಿದ್ದರೆ ಸಾಕಾಗಿತ್ತು.

ಕಟ್ಟುವುದಕ್ಕೆ ಮೊದಲು ಅಳೆಯುವುದನ್ನು ಕಲಿಯಬೇಕು. ರಂಗದ ಅಗಲ, ಆಳ, ಎತ್ತರಗಳನ್ನು ಹಿಡಿದು, ಒಂದು ಅಡಿಗೆ ಅರ್ಧ ಅಂಗುಲದಂತೆ ಕಾಗದದ ಮೇಲೆ ನೆಲನಕ್ಷೆ ಬರೆದು, ನಡುಗೆರೆ ಎಳೆದು, ಎಲ್ಲ ಅಳತೆಗಳನ್ನೂ ಆ ಗೆರೆಯಿಂದಲೇ ಗುರುತಿಸಬೇಕು. ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ ಅವುಗಳ ನಡುವಿನ ಓರೆ ಸರಿಯಾಗಿ 5 ಅಡಿ ಬಂದಿತೇ ಎಂದು ನೋಡಿದರಾಯಿತು. ಯಜ್ಞವೇದಿಗೆ ಹಗ್ಗ ಹಿಡಿದ ಶುಲ್ಬಸೂತ್ರಕಾರರಿಗೂ ಈ ಗಣಿತ ತಿಳಿದಿತ್ತು, ನಮ್ಮೂರ ಗಾರೆಯವನಿಗೂ ತಿಳಿದಿದೆ. ನಡುವೆ ಪದವೀಧರರಾದ ನಾವೇ ಮರೆತವರು. ಆಮೇಲೆ ರಟ್ಟಿನಲ್ಲಿ ಒಂದು ಪುಟ್ಟ ಮಾದರಿ ಮಾಡಬೇಕು. ರಟ್ಟಿನಲ್ಲಿ ತಪ್ಪು ಮಾಡಿದರೆ ಕತ್ತರಿಸಿ ಎಸೆಯಬಹುದು.

ಅದಾದ ಮೇಲೆ, ಇದು ಬಹುಮುಖ್ಯ, ರಂಗದಿಂದ ಇಳಿದು ಪ್ರೇಕ್ಷಕರ ಜಾಗದಲ್ಲಿ ಹೋಗಿ ಕೂರಬೇಕು. ಮೊದಲ ಸಾಲಿನ ಎರಡು ತುದಿಗಳಲ್ಲಿ, ಕೊನೆಯ ಸಾಲಿನ ಎರಡು ತುದಿಗಳಲ್ಲಿ. ಜಾತ್ರೆಯಲ್ಲಿ ನೆಲದ ಮೇಲೆ ಕುಳಿತವರ ಕಣ್ಣು ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಅಟ್ಟ ಅದಕ್ಕಿಂತ ತೀರ ಎತ್ತರವಾದರೆ ಮುಂದಿನವರಿಗೆ ನಟನ ಪಾದ ಕಾಣದು, ತೀರ ತಗ್ಗಾದರೆ ಹಿಂದಿನವರಿಗೆ ನಟನೇ ಕಾಣನು. ಈ ನಾಲ್ಕು ತುದಿಗಳಿಂದ ಹುರಿ ಎಳೆದು ನೋಡಿದ್ದರೆ ಶೂನ್ಯಸಿಂಹಾಸನವನ್ನು ಎಡಮೂಲೆಯಲ್ಲಿ ಇಡಬಾರದೆಂಬುದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ತಾಯಂದಿರು ಅಲ್ಲಮನನ್ನು ನೋಡುತ್ತಿದ್ದರು.

ಗೋಡೆ ಬೇಕೆಂದರೆ ಮರದ ಹಗುರ ಚೌಕಟ್ಟಿಗೆ ಕೋರಾ ಬಟ್ಟೆ ಬಿಗಿದು, ತೆಳುವಾಗಿ ಅಂಟು ಬಳಿದು ಒಣಗಿಸಿ, ಮೇಲೆ ಬಣ್ಣ ಕೊಡುವುದು ಬಹುಕಾಲದ ಪದ್ಧತಿ. ಚೌಕಟ್ಟಿನ ಮೂಲೆಗಳಿಗೆ ತ್ರಿಕೋನಾಕಾರದ ಪ್ಲೈವುಡ್ ತುಂಡು ಹೊಡೆದು, ಹಿಂದಿನಿಂದ ಓರೆಯಾಗಿ ಊರುಗೋಲು ಕೊಟ್ಟು, ಊರುಗೋಲಿನ ಬುಡಕ್ಕೆ ಮರಳುಚೀಲದ ಭಾರ ಇಟ್ಟರೆ ರಾಜನು ಒರಗಿದರೂ ಗೋಡೆ ತೂಗಾಡದು. ಬಣ್ಣದ ವಿಚಾರವನ್ನು ಚಿತ್ರಕಲೆ ಬಲ್ಲವರಿಗೆ ಬಿಡುತ್ತೇವೆ. ಆದರೆ ಥರ್ಮೋಕೋಲಿನ ವಿಚಾರವಾಗಿ ಒಂದು ಮಾತು. ಅಗ್ಗವೆಂದು ಎಲ್ಲೆಡೆ ಇದನ್ನೇ ಬಳಸುತ್ತಿದ್ದಾರೆ. ಕಿಡಿ ತಗುಲಿದರೆ ಕ್ಷಣದಲ್ಲಿ ಹೊತ್ತಿ, ಕರಗಿ ತೊಟ್ಟಿಕ್ಕುವ, ಕಪ್ಪು ಹೊಗೆ ಉಗುಳುವ ವಸ್ತು ಇದು. ಅಮೆರಿಕದ ಶಿಕಾಗೋ ನಗರದ ಇರೋಕ್ವಾ ರಂಗಮಂದಿರದಲ್ಲಿ 1903ರ ಡಿಸೆಂಬರ್ 30ರಂದು ದೀಪವೊಂದರ ಕಿಡಿ ಬಟ್ಟೆಯ ಪರದೆಗೆ ತಗುಲಿ, ಬೆಂಕಿ ತಡೆಯಬೇಕಾದ ಪರದೆ ನಡುವೆಯೇ ಸಿಕ್ಕಿಕೊಂಡು, ಸುಮಾರು ಆರುನೂರು ಜನ ಸತ್ತರು. ಅವರಲ್ಲಿ ಬಹುಮಂದಿ ಹೆಂಗಸರು ಮಕ್ಕಳು. ಬಟ್ಟೆಯನ್ನು ಬಿಳಿಗಾರ ಮತ್ತು ಬೋರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ಅದು ಬೇಗನೆ ಹೊತ್ತಿಕೊಳ್ಳುವುದಿಲ್ಲ. ಹೀಗೆ ಮಾಡಿದ ಬಟ್ಟೆಯ ಒಂದು ತುಂಡನ್ನು ಮೊದಲು ಹೊರಗೆ ಬಯಲಿನಲ್ಲಿ ಸುಟ್ಟು ನೋಡಿ ಅನಂತರವೇ ರಂಗಕ್ಕೆ ತರಬೇಕು. ಜಾತ್ರೆಯ ನಾಟಕಗಳಲ್ಲಿ ಪರದೆಗೆ ತಗುಲುವಂತೆ ದೀಪ ಕಟ್ಟಿದ್ದನ್ನೂ, ಅದರ ಬುಡದಲ್ಲಿ ಮಕ್ಕಳು ಕುಳಿತಿದ್ದನ್ನೂ ನಾವು ಎಷ್ಟೋ ಸಾರಿ ನೋಡಿ ಮನಸ್ಸಿನಲ್ಲಿಯೇ ಶಿವನಾಮ ಜಪಿಸಿದ್ದೇವೆ.

ಇಷ್ಟೆಲ್ಲ ಏಕೆ, ರಂಗಸಜ್ಜಿಕೆಯೇ ಇಲ್ಲದೆ ನಾಟಕ ಆಡಬಾರದೇ ಎಂದು ವಿಚಾರವಂತರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಮ್ಮ ದೊಡ್ಡಾಟ ಯಕ್ಷಗಾನಗಳು ಅರಮನೆಯನ್ನು ಕಟ್ಟಿ ತೋರಿಸಿದವಲ್ಲ. ರಂಗದ ಮೇಲೆ ಒಂದು ಸುತ್ತು ಬಂದರೆ ಸ್ಥಳ ಬದಲಾಯಿತೆಂದು ತಿಳಿಯಬೇಕೆಂಬ ಕಕ್ಷ್ಯಾವಿಭಾಗವನ್ನು ಭರತನೇ ಹೇಳಿದ್ದಾನೆ. 1970ರ ದಶಕದಲ್ಲಿ ಬಿ. ವಿ. ಕಾರಂತರು ಚಿತ್ರಪರದೆಯ ಹಂಗಿಲ್ಲದೆ ನಟರ ದೇಹ, ಹಾಡು, ಗುಂಪುಗಳಿಂದಲೇ ಸ್ಥಳವನ್ನು ಸೃಷ್ಟಿಸಿ ತೋರಿಸಿದರು. ಶೂನ್ಯಸಂಪಾದನೆಯಲ್ಲಿಯೂ ನಮಗೆ ದೊರೆಯುವುದು ಶರಣರ ಸಂವಾದಗಳೇ ಹೊರತು ಕಟ್ಟಡದ ವರ್ಣನೆಗಳಲ್ಲ. ಆದುದರಿಂದ ಅನುಭವಮಂಟಪಕ್ಕೆ ಗುಮ್ಮಟ ಬೇಡವೇ ಬೇಡ. ಒಂದು ಜಗಲಿ, ನಾಲ್ಕು ಮೆಟ್ಟಿಲು ಸಾಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಬರಿದು ಬೇರೆ, ಬಯಲು ಬೇರೆ. ಏನೂ ತಿಳಿಯದೆ ಖಾಲಿ ಬಿಟ್ಟ ರಂಗ ಬರಿದು. ಎಲ್ಲಿ ಏನು ಇರಬಾರದೆಂದು ತೂಗಿ ನೋಡಿ ಬಿಟ್ಟ ರಂಗ ಬಯಲು. ಆ ನಾಲ್ಕು ಮೆಟ್ಟಿಲುಗಳನ್ನಾದರೂ ಎತ್ತರ ಅಗಲ ನೋಡಿ ಕಟ್ಟಬೇಕಷ್ಟೆ. ಮೆಟ್ಟಿಲುಗಳ ಎತ್ತರ ಒಂದಕ್ಕಿಂತ ಒಂದು ಹೆಚ್ಚುಕಡಿಮೆಯಾದರೆ ಕಾವಿ ಉಟ್ಟ ಜಂಗಮ ಪಾತ್ರಧಾರಿ ಅಂಚು ತುಳಿದು ಮುಗ್ಗರಿಸುತ್ತಾನೆ. ನಿರಾಡಂಬರಕ್ಕೆ ವಿದ್ಯೆ ಕಡಿಮೆ ಸಾಕೆಂಬ ಭ್ರಮೆ ಬೇಡ. ಮರೆಮಾಚಲು ಏನೂ ಇಲ್ಲದಿರುವುದರಿಂದ ಹೆಚ್ಚೇ ಬೇಕು.

ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಕೆ. ವಿ. ಸುಬ್ಬಣ್ಣನವರು ಬೆಳೆಸಿದ ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು, 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ನಮ್ಮ ಮಠಪರಂಪರೆಗೆ ಇನ್ನೂ ಹತ್ತಿರದ ಉದಾಹರಣೆ ಸಾಣೇಹಳ್ಳಿಯದು. ಅಲ್ಲಿಯ ಶಿವಕುಮಾರ ಕಲಾ ಸಂಘದ ‘ಶಿವಸಂಚಾರ’ 1997ರಿಂದ ಊರೂರಿಗೆ ನಾಟಕಗಳನ್ನು ಒಯ್ಯುತ್ತಿದೆ. ಮಠವೊಂದು ರಂಗಭೂಮಿಯನ್ನು ಜಾತ್ರೆಯ ಮನರಂಜನೆಯೆಂದು ಕಾಣದೆ ಶಿಸ್ತಿನ ವ್ಯವಸಾಯವಾಗಿ ಕೈಗೊಂಡರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ. ಇಂತಹ ಸಂಚಾರಿ ತಂಡಗಳ ರಂಗಸಜ್ಜಿಕೆಯನ್ನು ನೋಡಬೇಕಾದುದು ನಾಟಕದ ವೇಳೆಯಲ್ಲಿ ಅಲ್ಲ, ನಾಟಕ ಮುಗಿದ ಮೇಲೆ. ನಿನ್ನೆ ಒಂದು ಊರು, ಇಂದು ಒಂದು ಊರು, ನಾಳೆ ಮತ್ತೊಂದು. ಬಿಚ್ಚಲು ಬಾರದ್ದು, ಮಡಿಸಲು ಬಾರದ್ದು, ಇಬ್ಬರು ಎತ್ತಲಾರದ್ದು ಯಾವುದೂ ಅಲ್ಲಿ ಉಳಿಯದು. ಈಗತಾನೇ ಅರಸನ ಪಾತ್ರ ವಹಿಸಿದ್ದವನೇ ಬಣ್ಣ ಅಳಿಸಿ ಬಂದು ಹಲಗೆ ಹೊರುತ್ತಾನೆ. ಸ್ಥಾವರ ಜಂಗಮಗಳ ವಿಚಾರವನ್ನು ಪೀಠದ ಮೇಲೆ ಕುಳಿತು ಅನೇಕ ವರ್ಷ ಉಪದೇಶಿಸಿದ ನಮಗೆ, ಸ್ಥಾವರವೊಂದು ಬೋಲ್ಟು ಬಿಚ್ಚಿಸಿಕೊಂಡು ಲಾರಿ ಹತ್ತುವುದನ್ನು ಕಂಡಾಗ ಸಂತೋಷವೇ ಆಯಿತು.

ಎಲ್ಲ ಮಠಗಳೂ ರಂಗಶಾಲೆ ತೆರೆಯಲಾರವು, ತೆರೆಯಬೇಕಾಗಿಯೂ ಇಲ್ಲ. ಆದರೆ ಪ್ರತಿ ಪ್ರಸಾದನಿಲಯದಲ್ಲಿಯೂ ವರ್ಷಕ್ಕೊಮ್ಮೆ ನಾಟಕವಂತೂ ಆಗಿಯೇ ಆಗುತ್ತದೆ. ಆ ನಾಟಕದ ಅಟ್ಟವನ್ನು ಹುಡುಗರೇ ಕಟ್ಟಲಿ. ಬಿದಿರಿನ ಕಾಯಕದ ಮೇದಾರ ಕೇತಯ್ಯನೂ, ಹಗ್ಗ ಹೊಸೆದ ನುಲಿಯ ಚಂದಯ್ಯನೂ, ವೇಷ ಕಟ್ಟಿ ಆಡಿದ ಬಹುರೂಪಿ ಚೌಡಯ್ಯನೂ ಕೂಡಿದರೆ ಒಂದು ಪೂರ್ಣ ನಾಟಕ ಮಂಡಳಿಯೇ ಆಗುತ್ತದೆ. ಕೇತಯ್ಯನ ಪಾತ್ರ ವಹಿಸುವ ಹುಡುಗನಿಗೆ ಬಿದಿರು ಸೀಳಿದಾಗ ಅದರ ಸಿಬಿರು ಬೆರಳಿಗೆ ಹೇಗೆ ಚುಚ್ಚುತ್ತದೆಂದು ಗೊತ್ತಿದ್ದರೆ ಅವನ ಅಭಿನಯವೇ ಬೇರೆಯಾದೀತು. ಮೂರು ರಾತ್ರಿ ನಾವು ಕಂಡ ಕೇತಯ್ಯ, ಚಂದಯ್ಯಂದಿರ ಕೈಗಳು ಬರಿಯ ಗಾಳಿಯಲ್ಲಿ ಆಡಿದವು.

ನಮ್ಮ ಮಠದ ಉಗ್ರಾಣದಲ್ಲಿ ಎರಡು ಗರಗಸ, ಒಂದು ಮೂಲೆಮಟ್ಟ, ಒಂದು ತೂಗುಗುಂಡು, ಹಳೆಯ ಸಾಗವಾನಿಯ ಕೆಲವು ತೊಲೆಗಳು ಇವೆ. ಬರುವ ಬೇಸಿಗೆಯ ರಜೆಯಲ್ಲಿ ಹದಿನೈದು ದಿನ ಹುಡುಗರಿಗೆ ಅಟ್ಟ ಕಟ್ಟುವುದನ್ನು ಕಲಿಸಬೇಕೆಂದು ನಿಶ್ಚಯಿಸಿದ್ದೇವೆ. ಹಳೆಯ ವಿದ್ಯಾರ್ಥಿಗಳಲ್ಲಿ ಬಡಗಿತನ, ಕಮ್ಮಾರಿಕೆ, ವಿದ್ಯುತ್ತಿನ ಕೆಲಸ, ಕಟ್ಟಡದ ನಕ್ಷೆ ಬಲ್ಲವರು ಅನೇಕರಿದ್ದೀರಿ. ಬಂದು ನಾಲ್ಕು ದಿನವಾದರೂ ಇದ್ದು ಕಲಿಸಬೇಕು. ಬಡಿಗೇರ ಅಜ್ಜ ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಅವರ ಮೊಮ್ಮಗ ಬರುತ್ತೇನೆಂದು ಹೇಳಿಕಳಿಸಿದ್ದಾರೆ. ಮೊದಲ ದಿನದ ಪಾಠ ಓರೆಕಟ್ಟಿಗೆಯದು. ಆ ದಿನ ಹುಡುಗರ ಜೊತೆಯಲ್ಲಿ ನಾವೂ ಕುಳಿತುಕೊಳ್ಳುತ್ತೇವೆ.